ಅಕ್ಕ ನಗುವ ಜಾಗ

ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಪಕ್ಕೀರಮ್ಮನಿಗೆ ಮೊದಲು ತಿಳಿದದ್ದು ತನಗೆ ಹಸಿವಾಗಿದೆ ಎಂಬುದು. ಅಳು ಬರಬೇಕಾಗಿದ್ದ ಜಾಗದಲ್ಲಿ ಹಸಿವು ಬಂದು ಕೂತಿತ್ತು, ಕರೆಯದೆ ಬಂದ ನೆಂಟರ ಹಾಗೆ, ಗಟ್ಟಿಯಾಗಿ. ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುತ್ತಿದ್ದಾಗ ಗುಡೇಕೋಟೆಯಿಂದ ಫೋನು ಬಂದಿತ್ತು. ಅಕ್ಕನ ಮಗಳು ಗೀತಾಂಜಲಿ, 'ಚಿಗವ್ವಾ, ಅವ್ವ ಹೋದ್ಲು' ಅಂದಳು. ಆಮೇಲೆ ಮೂಗು ಒರೆಸಿಕೊಂಡು, 'ತವರುಮನಿ ಸೀರಿ ಬರೋತನಕ ಎತ್ತಂಗಿಲ್ಲಂತ ಅಪ್ಪ ಹೇಳ್ಯಾನ. ಲಗೂನ ಬಾ' ಅಂದಳು. ಪಕ್ಕೀರಮ್ಮ 'ಹೂಂ, ಬಂದೆ' ಅಂದು ಫೋನು ಕಟ್ಟೆಯ ಮೇಲಿಟ್ಟು, ತಂಬಿಗೆಯಲ್ಲಿ ಉಳಿದ ನೀರನ್ನು ಉಳಿದ ಅಂಗಳಕ್ಕೆ ಹಾಕಿ ಮುಗಿಸಿದಳು. ಅರ್ಧಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ತಂಬಿಗೆ ಕೈಜಾರಿ ಬಿದ್ದು, ಟಣಟಣ ಉರುಳಿಕೊಂಡು ಹೋಗಿ ಬಾಗಿಲಿಗೆ ಬಡಿದಿದ್ದರೆ ಇನ್ನೂ ಚೆನ್ನಾಗಿತ್ತು. ನಾಟಕದಲ್ಲಿ ಸಾವಿನ ಸುದ್ದಿ ಬಂದಾಗ ತಂಬಿಗೆ ಬೀಳಲೇಬೇಕು, ಮತ್ತು ತಂಬಿಗೆ ಬೀಳಿಸುವುದರಲ್ಲಿ ಪಕ್ಕೀರಮ್ಮನನ್ನು ಮೀರಿಸಿದವರು ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಯಾರೂ ಇರಲಿಲ್ಲ. ಖರೇ ಸುದ್ದಿ ಬಂದ ದಿನ ಮಾತ್ರ ಕೈ ಬಿಗಿಯಾಗಿ ಹಿಡಿದುಕೊಂಡಿತ್ತು.

ಸೀರೆ ಅಂಗಡಿಯವನು ಆಗ ತಾನೇ ಷಟರು ಎತ್ತಿ ಊದುಬತ್ತಿ ಹಚ್ಚುತ್ತಿದ್ದ. ಹಸಿರು ಸೀರೆ, ಜರಿ ಅಂಚಿನದು ಬೇಕು ಅಂದಾಗ ಅವನು ನಗುತ್ತ, 'ನಾಟಕ ಎಲ್ಲೈತ್ರಿ ಅಮ್ಮಾರ?' ಅಂತ ಕೇಳಿದ. 'ಗುಡೇಕೋಟ್ಯಾಗ' ಅಂದುಬಿಟ್ಟಳು. ಅಂದ ಮೇಲೆ ತಿದ್ದಬಹುದಿತ್ತು. ಆದರೆ ತಿದ್ದಿದರೆ ಅವನ ನಗು ಮುಖದ ಮೇಲೇ ಸಾಯುತ್ತದೆ, ಅವನು ಅಯ್ಯೋ ಅನ್ನುತ್ತಾನೆ, ಆಗ ತನ್ನ ಮುಖವೂ ಅದಕ್ಕೆ ತಕ್ಕಂತೆ ಏನಾದರೂ ಮಾಡಬೇಕಾಗುತ್ತದೆ. ಬೆಳಗಿನ ಹೊತ್ತಿನಲ್ಲಿ ಅಷ್ಟೆಲ್ಲ ಯಾರು ಮಾಡುತ್ತಾರೆ. ಅವನು ಒಳ್ಳೆಯ ಮನಸ್ಸಿನಿಂದ, 'ಲೈಟಿನಾಗ ಈ ಹಸರು ಭಾಳ ಎದ್ದು ಕಾಣ್ತೈತ್ರಿ' ಅಂತ ಇನ್ನೊಂದು ಸೀರೆ ತೆಗೆದು ಬಿಚ್ಚಿದ. ಪಕ್ಕೀರಮ್ಮ ಅದನ್ನೇ ತೆಗೆದುಕೊಂಡಳು. ಪಕ್ಕದ ಹೂವಿನವಳ ಹತ್ತಿರ ಹಡಗಲಿ ಮಲ್ಲಿಗೆಯ ದಂಡೆ ಇತ್ತು, ಅದನ್ನೂ ಕಟ್ಟಿಸಿಕೊಂಡಳು. ಆಮೇಲೆ ಬಸ್ಸು ಬರಲು ಇನ್ನೂ ಹೊತ್ತಿದೆ ಅಂತ ತಿಳಿದು, ಆಚೆ ಈಚೆ ನೋಡಿ, ಹೋಟೆಲಿನ ಒಳಗಿನ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತು ಒಂದು ತಾಟು ಒಗ್ಗರಣೆ ಮಂಡಕ್ಕಿ, ಮೇಲೆ ಬಿಸಿ ಮಿರ್ಚಿ ತಿಂದಳು. ಮಿರ್ಚಿ ಖಾರವಾಗಿತ್ತು. ಕಣ್ಣಲ್ಲಿ ನೀರು ಬಂತು. ಆ ದಿನ ಅವಳ ಕಣ್ಣಿಗೆ ಬಂದ ಮೊದಲ ನೀರು ಅದು, ಮೆಣಸಿನಕಾಯಿಯ ಪುಣ್ಯ.

ಬಸ್ಸಿನಲ್ಲಿ ಕಂಡಕ್ಟರು ಆಧಾರ್ ಕಾರ್ಡು ಕೇಳಿದ. ಹೆಂಗಸರಿಗೆ ಟಿಕೀಟು ಪುಕ್ಕಟೆಯಾದ ಮೇಲೆ ಮುಖ ತೋರಿಸುವುದು ಒಂದು ಕೆಲಸ. ಅವನು ಕಾರ್ಡು ನೋಡಿದ, ಅವಳನ್ನು ನೋಡಿದ, ಮತ್ತೆ ಕಾರ್ಡು ನೋಡಿ, 'ಇದು ನಿಮ್ದಾ ಏನ್ರಿ?' ಅಂದ. ಅವಳದೇ. ಫೋಟೋ ತೆಗೆಯುವವನು ಅವತ್ತು 'ಸುಮ್ನ ನೋಡ್ರಿ, ಏನೂ ಮಾಡಬ್ಯಾಡ್ರಿ' ಅಂದಿದ್ದ. ಏನೂ ಮಾಡದೆ ನೋಡುವುದು ಹೇಗೆ ಅಂತ ಅವಳಿಗೆ ಗೊತ್ತಾಗದೆ, ಮುಖ ಯಾರದೋ ಮನೆಯ ಗೋಡೆಯ ಹಾಗೆ ಬಂದಿತ್ತು. ಹಿಂದಿನ ಸೀಟಿನ ಹೆಂಗಸು ಮುಂದಕ್ಕೆ ಬಗ್ಗಿ, 'ಏ, ಅವರಾ ಅದಾರೋ. ತಂಗಿ ಸಾಯೋ ನಾಟಕದ ಪಕ್ಕೀರಮ್ಮ' ಅಂತ ಕಂಡಕ್ಟರಿಗೆ ಹೇಳಿ, ಅವನು ಮುಂದೆ ಹೋದ ಮೇಲೆ ಇವಳ ಭುಜ ಮುಟ್ಟಿ, 'ನಮ್ಮವ್ವ ನಿಮ್ಮ ನಾಟಕ ನೋಡಿ ಬಂದು ಮರುದಿನ ಉಂಡಿದ್ದಿಲ್ರಿ. ನೀವು ಖರೇನಾ ಅಳ್ತಿದ್ರೇನ್ರಿ, ಕಣ್ಣಿಗೆ ಏನರ ಹಚ್ಚಿಕೊಂತಿದ್ರೋ?' ಅಂತ ಕೇಳಿದಳು. ಇದನ್ನು ಎಲ್ಲರೂ ಕೇಳುತ್ತಾರೆ. ಪಕ್ಕೀರಮ್ಮ ನಕ್ಕು, 'ಖರೇನಾಬೇ' ಅಂದಳು. 'ಈಗ ಎಲ್ಲಿಗೆ ಹೊಂಟೀರಿ, ನಾಟಕಕ್ಕೇನು?' ಅಂತ ಆ ಹೆಂಗಸು ಮಡಿಲಲ್ಲಿದ್ದ ಸೀರೆಯ ಚೀಲವನ್ನೂ ಹೂವನ್ನೂ ನೋಡಿದಳು. ಈ ಸಲ ಪಕ್ಕೀರಮ್ಮ, 'ಇಲ್ಲವ್ವ, ನಮ್ಮಕ್ಕ ತೀರಿಕೊಂಡಾಳ' ಅಂದಳು. ಆ ಹೆಂಗಸಿನ ಕೈ ಭುಜದಿಂದ ಹಿಂದಕ್ಕೆ ಹೋಯಿತು. ಅವಳ ಕಣ್ಣು ಮಾತ್ರ ಕೂಡ್ಲಿಗಿ ಬರುವವರೆಗೂ ಪಕ್ಕೀರಮ್ಮನ ಕೆನ್ನೆಯ ಮೇಲೇ ಇತ್ತು. ಈಗ ಹರಿಯುತ್ತದೆ, ಇನ್ನೇನು ಹರಿಯುತ್ತದೆ ಅಂತ ಕಾಯುತ್ತಿದ್ದಳು ಪಾಪ. ಹರಿಯಲಿಲ್ಲ.

ಹರಿಯದಿದ್ದರೆ ಏನು ಗತಿ ಎಂಬುದೇ ಈಗ ಪಕ್ಕೀರಮ್ಮನ ಎದೆಯಲ್ಲಿ ಕೂತಿದ್ದ ಮಾತು. ಗುಡೇಕೋಟೆಯ ಓಣಿಯ ತಿರುವಿನಿಂದಲೇ ಹೆಂಗಸರು ಹಾಡಿಕೊಂಡು ಅಳುತ್ತ ಬರಬೇಕು, ಅದು ರೂಢಿ. ಸತ್ತವರನ್ನು ಹೆಸರು ಹಿಡಿದು ಕರೆದು, ಏನು ಉಂಡೆವು, ಏನು ಉಟ್ಟೆವು, ಎಂಥ ಮಾತಾಡಿದ್ದೆ ಅಂತ ನುಡಿನುಡಿಯಾಗಿ ಎತ್ತಿ ಆಡಬೇಕು. ಅದು ಬಾರದವರು ಸೆರಗು ಬಾಯಿಗೆ ಇಟ್ಟುಕೊಂಡು ಬಂದರೂ ನಡೆಯುತ್ತದೆ. ಪಕ್ಕೀರಮ್ಮನಿಗೆ ನಡೆಯುವುದಿಲ್ಲ. ಅವಳು ಅತ್ತರೆ, ನೋಡು ನಾಟಕ ಶುರು ಮಾಡಿದಳು ಅನ್ನುತ್ತಾರೆ. ಅಳದಿದ್ದರೆ, ರೊಕ್ಕ ಕೊಟ್ಟರೆ ಮಾತ್ರ ಅಳುವವಳು ಅನ್ನುತ್ತಾರೆ. ಅತ್ತ ದರಿ ಇತ್ತ ಹುಲಿ. ಊರಿನವರು ಏನಾದರೂ ಅಂದುಕೊಳ್ಳಲಿ, ಊರ ಬಾಯಿಗೆ ಬೀಗ ಇಲ್ಲ. ಅದಲ್ಲ ಅವಳ ಅಂಜಿಕೆ. ಅಕ್ಕನ ಮುಂದೆ ಕೂತು ತಾನು ಅತ್ತರೆ ಅದು ಯಾವುದು, ಕಲಿತದ್ದೋ ಖರೇದೋ, ಅಂತ ತನಗೇ ಗೊತ್ತಾಗುವುದಿಲ್ಲ. ಗೊತ್ತು ಮಾಡಿ ಹೇಳುವವಳು ಒಬ್ಬಳಿದ್ದಳು. ಅವಳೇ ಈಗ ಹೋದವಳು.

ಅಕ್ಕ ಹಂಪಕ್ಕ ಅದನ್ನು ಹೇಳುತ್ತಿದ್ದದ್ದು ನಗುವುದರಿಂದ. ಇಬ್ಬರಲ್ಲಿ ಓದು ಬರುತ್ತಿದ್ದದ್ದು ಹಂಪಕ್ಕನಿಗೆ. ತಂಗಿ ಪಕ್ಕಿ ಎರಡನೇ ಇಯತ್ತೆಗೇ ಸಾಲಿ ಬಿಟ್ಟು ನಾಟಕದವರ ಹಿಂದೆ ಬಿದ್ದವಳು. ಮಾತು ಬಾಯಿಪಾಠ ಮಾಡಿಸಲು ಅಕ್ಕನೇ ಬೇಕು. ಮಧ್ಯಾಹ್ನ ಅವ್ವ ಕೂಲಿಗೆ ಹೋದಾಗ, ಹಂಪಕ್ಕ ಜೋಳ ಕೇರುವುದನ್ನು ಬಿಟ್ಟು ಬಂದು ಸಾಲು ಸಾಲಾಗಿ ಓದಿ ಹೇಳುತ್ತಿದ್ದಳು, ಆಮೇಲೆ ಚಾಪೆಯ ಮೇಲೆ ಉದ್ದಕ್ಕೆ ಮಲಗಿ ಕಣ್ಣು ಮುಚ್ಚಿ, 'ಬಾರಲೇ, ಒಂದ್ ಸಲ ಸತ್ತು ಕೊಡ್ತೀನಿ' ಅನ್ನುತ್ತಿದ್ದಳು. ನಾಟಕದಲ್ಲಿ ಸಾಯುವವಳು ತಂಗಿ, ಅಳುವವಳು ಅಕ್ಕ. ಮನೆಯಲ್ಲಿ ಅದು ತಿರುಗಾಮುರುಗಾ. ತಂಗಿಯಾಗಿ ಸತ್ತ ಅಕ್ಕನ ಪಕ್ಕದಲ್ಲಿ, ಅಕ್ಕನಾಗಿ ತಂಗಿ ಕೂತು, 'ತಂಗೀ, ಮಾತಾಡೇ ತಂಗೀ, ನಿನ್ನ ಅಕ್ಕ ಬಂದಿದ್ದಾಳೆ ಕಣ್ಣು ಬಿಡೇ' ಅಂತ ಗ್ರಂಥದ ಕನ್ನಡದಲ್ಲಿ ಎತ್ತಿಕೊಳ್ಳುತ್ತಿದ್ದಳು. ಹಂಪಕ್ಕ ಹೆಣದ ಹಾಗೇ ಇರುತ್ತಿದ್ದಳು, ಉಸಿರು ಸಹ ಕಾಣದಂತೆ. ಸುಳ್ಳು ಬಂದಾಗ ಮಾತ್ರ ಅವಳಿಗೆ ತಡೆಯಲು ಆಗುತ್ತಿರಲಿಲ್ಲ. ಮೊದಲು ಹೊಟ್ಟೆಯ ಮೇಲಿನ ಸೆರಗು ನಡುಗುತ್ತಿತ್ತು, ಆಮೇಲೆ ಮೂಗಿನ ಹೊಳ್ಳೆ ಅರಳುತ್ತಿತ್ತು, ಕೊನೆಗೆ ತುಟಿಯ ಬಲ ಮೂಲೆ ಮೇಲಕ್ಕೆ ಹೋಗಿ ಹೆಣ ಕಿಸಕ್ಕನೆ ನಕ್ಕು ಎದ್ದು ಕೂರುತ್ತಿತ್ತು. 'ಅಲ್ಲಿ ಸುಳ್ಳು ಬಂತು ನೋಡು.' ಎಲ್ಲಿ ಅಂತ ಕೇಳಿದರೆ ಬೆರಳಿಟ್ಟು ತೋರಿಸುತ್ತಿದ್ದಳು. 'ನಾ ನಗಲಿಲ್ಲಂದ್ರ ಖರೇ ಅಂತ ತಿಳಕೋ. ಕಣ್ಣಿದ್ದವರಿಗೆ ಮೋಸ ಮಾಡಬಹುದು, ಕಣ್ಣು ಮುಚ್ಚಿದವರಿಗೆ ಆಗಂಗಿಲ್ಲ.'

ಹೀಗೆ ನಕ್ಕೂ ನಕ್ಕೂ ಹಂಪಕ್ಕ ಆ ನಾಟಕದ ಅಳುವಿನಲ್ಲಿದ್ದ ಸುಳ್ಳನ್ನೆಲ್ಲ ಕಲ್ಲು ಆರಿಸಿದ ಹಾಗೆ ಆರಿಸಿ ತೆಗೆದಳು. ಒಂದು ಕಲ್ಲು ಉಳಿಯಿತು. 'ನಿನ್ನ ಬದಲು ನನ್ನನ್ನಾದರೂ ಒಯ್ಯಬಾರದಿತ್ತೇ ಆ ದೇವರು' ಎಂಬ ಸಾಲು. ಪಕ್ಕಿ ಅದನ್ನು ಏರಿಸಿ ಅಂದಳು, ಇಳಿಸಿ ಅಂದಳು, ಬಿಕ್ಕಿ ಅಂದಳು, ಬಿಕ್ಕದೆ ಅಂದಳು. ಪ್ರತಿ ಸಲವೂ ಸೆರಗು ನಡುಗಿತು. 'ಲೇ ಪಕ್ಕೀ, ನೀನು ಹೋಗಾಕಿ? ಉಪ್ಪಿನಕಾಯಿ ಹೋಳು ಕೇಳಿದ್ರ ಸಣ್ಣದು ಹುಡುಕಿ ಕೊಡ್ತಿ. ಜೀವ ಕೊಡ್ತಿಯೇನಲೇ?' ಅಂತ ಹಂಪಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಕ್ಕಿಗೆ ಸಿಟ್ಟು ಬಂತು, ಸಾಲು ಬರೆದ ಕವಿಗೇ ಬುದ್ಧಿ ಇಲ್ಲ ಅಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಅಕ್ಕ ಅಂದದ್ದಕ್ಕೆ ಮತ್ತೂ ಸಿಟ್ಟು ಬಂತು. ಕೊನೆಗೆ ನಾಟಕದ ದಿನ ಆ ಸಾಲು ಬಂದಾಗ, ಎದುರಿಗೆ ಅಷ್ಟು ಜನ ಕಣ್ಣು ಬಿಟ್ಟು ಕೂತದ್ದು ಕಂಡು, ಮುಖದಲ್ಲಿ ಸುಳ್ಳು ಕಂಡೇಬಿಡುತ್ತದೆ ಅಂತ ಹೆದರಿ, ಪಕ್ಕೀರಮ್ಮ ಜನಕ್ಕೆ ಬೆನ್ನು ತಿರುಗಿಸಿ ಆ ಮಾತನ್ನು ಪರದೆಗೆ ಹೇಳಿದಳು. ಆಮೇಲೆ ಪೆಂಡಾಲಿನ ಹಿಂದಿನಿಂದ ಒಬ್ಬ ಎದ್ದು ನಿಂತು 'ವನ್ಸ್ ಮೋರ್' ಅಂದ.

ಅಲ್ಲಿಂದ ಅವಳ ಹೆಸರು ಆ ಬೆನ್ನಿನ ಮೇಲೇ ನಿಂತಿತು. ಜನ ನಾಟಕದ ಹೆಸರನ್ನೇ ಮರೆತು, 'ತಂಗಿ ಸಾಯೋ ನಾಟಕ, ಪಕ್ಕೀರಮ್ಮ ಬೆನ್ನು ತಿರುಗಿಸ್ತಾಳಲ್ಲ ಅದು' ಅನ್ನತೊಡಗಿದರು. ವನ್ಸ್ ಮೋರ್ ಅಂದಾಗ ಹೆಣಕ್ಕೇನೂ ತ್ರಾಸಿಲ್ಲ, ಮಲಗಿದ ಹಾಗೇ ಮಲಗಿರುತ್ತದೆ. ಅಳುವವಳು ಮಾತ್ರ ಮೂಗು ಒರೆಸಿಕೊಂಡು ಮೊದಲಿನಿಂದ ಶುರು ಮಾಡಬೇಕು. ಎರಡನೇ ಅಳು ಯಾವಾಗಲೂ ಮೊದಲಿನದಕ್ಕಿಂತ ಚೆನ್ನಾಗಿ ಬರುತ್ತಿತ್ತು. ಅದು ಅವಳಿಗೆ ಗೊತ್ತಿತ್ತು, ಮತ್ತು ಗೊತ್ತಿದ್ದದ್ದಕ್ಕೆ ನಾಚಿಕೆಯೂ ಇತ್ತು, ನಾಚಿಕೆಯ ಪಕ್ಕದಲ್ಲೇ ಹೆಮ್ಮೆಯೂ ಇತ್ತು. ಹರಪನಹಳ್ಳಿಯಲ್ಲಿ ಶಾಲು ಹೊದಿಸಿದ ದಿನ ಕಾಲೇಜಿನ ಮೇಷ್ಟ್ರೊಬ್ಬರು ಮೈಕು ಹಿಡಿದು, ಆ ಸಾಲಿಗೆ ನೀವು ಯಾಕೆ ಬೆನ್ನು ತಿರುಗಿಸುತ್ತೀರಿ ಎಂದು ಕೇಳಿದ್ದರು. ಸುಳ್ಳು ಕಾಣಬಾರದು ಅಂತ, ಎಂದು ಹೇಳಬೇಕಿತ್ತು. ಬಾಯಿಗೆ ಬಂದದ್ದು, 'ದುಃಖಕ್ಕ ಮುಖ ಇರಂಗಿಲ್ರಿ.' ಚಪ್ಪಾಳೆಯೋ ಚಪ್ಪಾಳೆ. ಮೇಷ್ಟ್ರು ಅದನ್ನು ಬರೆದುಕೊಂಡರು. ಮರುದಿನ ಫೋನಿನಲ್ಲಿ ಹೇಳಿದಾಗ ಹಂಪಕ್ಕ ಉಸಿರು ಕಟ್ಟುವಷ್ಟು ನಕ್ಕು, 'ಹೌದು ಬಿಡು. ನಿನ್ನ ಸುಳ್ಳಿಗೂ ಮುಖ ಇದ್ದಿದ್ದಿಲ್ಲ, ಬೆನ್ನಷ್ಟಾ ಇತ್ತು' ಅಂದಳು.

ಕೂಡ್ಲಿಗಿಯಲ್ಲಿ ಇಳಿದು ಗುಡೇಕೋಟೆಯ ಬಸ್ಸು ಹತ್ತಿದಾಗ ಬಿಸಿಲು ಏರಿತ್ತು. ಊರು ದಾಟಿದ ಮೇಲೆ ಕುರುಚಲು ಗುಡ್ಡ, ಗುಡ್ಡದ ಮೇಲೆ ಒಂದರ ತಲೆಯ ಮೇಲೊಂದು ಕೂತ ಬಂಡೆ. ಇದೇ ದಾರಿಯಲ್ಲಿ ಹಂಪಕ್ಕ ಮದುವೆಯಾಗಿ ಹೋದಳು. ಗಂಡು ದುರುಗಣ್ಣನ ಕಡೆಯವರು ಹೆಣ್ಣು ಒಪ್ಪಿ ಎಲೆ ಅಡಿಕೆ ಹಾಕುವಾಗ, 'ತಂಗಿ ನಾಟಕದಾಕಿ ಅಂತ ಊರಾಗ ಹೇಳಬ್ಯಾಡ್ರಿ' ಅಂತ ಒಂದು ಮಾತು ಕೇಳಿಕೊಂಡಿದ್ದರು. ಮದುವೆಯಲ್ಲಿ ಪಕ್ಕೀರಮ್ಮ ಅಡಿಗೆಯವರ ಕಡೆಯವಳ ಹಾಗೆ ಹಿತ್ತಲಲ್ಲಿ ಓಡಾಡಿದಳು. ಆ ಪಾತ್ರವನ್ನೂ ಚೆನ್ನಾಗಿಯೇ ಮಾಡಿದಳು, ಯಾರಿಗೂ ಗುರುತು ಹತ್ತಲಿಲ್ಲ. ಹೆಸರು ಬಂದ ಮೇಲೆ ಅದೇ ದುರುಗಣ್ಣ ಸಂತೆಯಲ್ಲಿ ನಿಂತು, 'ನಮ್ಮ ನಾದಿನಿ' ಅನ್ನತೊಡಗಿದ. ಹೆಂಡತಿಯನ್ನು ಮಾತ್ರ ಒಂದು ನಾಟಕಕ್ಕೂ ಕಳಿಸಲಿಲ್ಲ. ಹಂಪಕ್ಕ ಕೇಳಲೂ ಇಲ್ಲ. 'ನಾ ನಿನ್ನ ನಾಟಕ ಕಣ್ಣು ಮುಚ್ಚಿಗೊಂಡು ನೋಡೀನಿ, ಸಾಕು' ಅನ್ನುತ್ತಿದ್ದಳು. ಬಾಣಂತನಕ್ಕೆ ತವರಿಗೆ ಬಂದಾಗಲೂ ಕೂಸನ್ನು ಪಕ್ಕಕ್ಕೆ ಮಲಗಿಸಿ, ಕಿವಿಗೆ ಅರಿವೆ ಕಟ್ಟಿಕೊಂಡೇ, ಸತ್ತು ಕೊಟ್ಟಿದ್ದಳು. ಹೋದ ದೀಪಾವಳಿಯಲ್ಲಿ ಸಕ್ಕರೆ ಕಾಯಿಲೆಯಿಂದ ಕಾಲು ಊದಿಕೊಂಡು ಹಾಸಿಗೆ ಹಿಡಿದಿದ್ದಾಗ ಪಕ್ಕೀರಮ್ಮ ನೋಡಲು ಹೋಗಿದ್ದಳು. ಹಂಪಕ್ಕ ಗೋಡೆಯ ಕಡೆ ನೋಡುತ್ತಿದ್ದವಳು ಇತ್ತ ತಿರುಗಿ, 'ಪಕ್ಕೀ, ಒಂದ್ ಸಲ ಸತ್ತು ಕೊಡ್ಲೇನು?' ಅಂದಳು. ಪಕ್ಕೀರಮ್ಮ, 'ಬ್ಯಾಡ ಬಿಡಕ್ಕ, ಆ ನಾಟಕ ಈಗ ಯಾರು ಆಡಸ್ತಾರ' ಅಂದಳು. ಬಸ್ಸಿಗೆ ಹೊತ್ತಾಗಿತ್ತು. ಇಲ್ಲ, ಬಸ್ಸಿಗೆ ಹೊತ್ತಾಗಿರಲಿಲ್ಲ. ಆ ಊದಿದ ಮುಖ ಕಣ್ಣು ಮುಚ್ಚಿದರೆ ಹೇಗೆ ಕಾಣುತ್ತದೆ ಎಂಬುದನ್ನು ನೋಡಲು ಅವಳಿಗೆ ಹೆದರಿಕೆಯಾಗಿತ್ತು.

ಬೆಳಿಗ್ಗೆ ಫೋನಿನಲ್ಲಿ 'ಅವ್ವ ಹೋದ್ಲು' ಎಂಬ ಮಾತು ಕಿವಿಗೆ ಬಿದ್ದಾಗ ತನ್ನೊಳಗೆ ಮೊದಲು ಎದ್ದದ್ದು ಏನು ಅಂತ ಪಕ್ಕೀರಮ್ಮ ಬಸ್ಸಿನ ಕಿಟಕಿಯ ಸರಳು ಹಿಡಿದು ನೆನಪಿಸಿಕೊಂಡಳು. ದುಃಖ ಅಲ್ಲ. ಒಂದು ಸಣ್ಣ ಹಗುರ. ನಾನಲ್ಲ, ಅಕ್ಕ. ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗಿತ್ತು, ಆದರೆ ಬಂದಿತ್ತು. ಉಳಿದ ನೀರನ್ನು ಅಂಗಳಕ್ಕೆ ಹಾಕಿ ಮುಗಿಸಿದ್ದೂ ಈಗ ಸರಳು ಹಿಡಿದಿದ್ದ ಈ ಕೈಯೇ. ಅವಳು ಸರಳನ್ನು ಬಿಟ್ಟು, ಅಂಗೈಗೆ ಹತ್ತಿದ ತುಕ್ಕನ್ನು ಸೆರಗಿಗೆ ಒರೆಸಿಕೊಂಡಳು.

ಓಣಿಯ ತಿರುವು ಬಂದೇ ಬಂತು. ಅಲ್ಲಿ ನಿಂತು ಬಾಯಿ ತೆರೆದಳು, ದನಿ ಏಳಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಗಂಡಸರು ಬೀಡಿ ಬಾಯಿಂದ ತೆಗೆದು ಕಾದರು. ಒಬ್ಬಳು ಹೆಂಗಸು ಮನೆಯ ಕಡೆ ಓಡಿ, 'ಬಂದ್ಲು, ತವರಿನಾಕಿ ಬಂದ್ಲು, ಪಕ್ಕೀರಮ್ಮ ಬಂದ್ಲು' ಅಂತ ಕೂಗಿದಳು. ಆ ಕೂಗಿಗೆ ಅಂಗಳದಲ್ಲಿ ಕೂತವರೆಲ್ಲ ಎದ್ದು ಎರಡು ಕಡೆಗೆ ಸರಿದು ನಡುವೆ ದಾರಿ ಬಿಟ್ಟರು. ಪಕ್ಕೀರಮ್ಮ ಅಳದೆ ಅಷ್ಟು ದೂರ ನಡೆದಳು. ಅವಳ ಜೀವಮಾನದಲ್ಲಿ ಅಷ್ಟು ಕೆಟ್ಟದಾಗಿ ಅವಳು ಎಲ್ಲಿಗೂ ಪ್ರವೇಶ ಮಾಡಿರಲಿಲ್ಲ. ಬಾಗಿಲ ಬದಿಯ ಗೋಡೆಗೆ ಒರಗಿಸಿ ಹಂಪಕ್ಕನನ್ನು ಕೂಡಿಸಿದ್ದರು, ಮಣ್ಣು ಮಾಡುವವರ ಪದ್ಧತಿಯಂತೆ. ಗದ್ದದ ಕೆಳಗಿನಿಂದ ನೆತ್ತಿಗೆ ಬಿಳಿ ಬಟ್ಟೆ ಬಿಗಿದಿತ್ತು, ಮೂಗಿನಲ್ಲಿ ಅರಳೆ, ಹಣೆ ತುಂಬ ಕುಂಕುಮ. ಅಕ್ಕ ಇಷ್ಟು ಸಲ ಸತ್ತಿದ್ದಳು, ಆದರೆ ಎಂದೂ ಕೂತು ಸತ್ತಿರಲಿಲ್ಲ. ಪಕ್ಕೀರಮ್ಮನಿಗೆ ಅದೇ ದೊಡ್ಡ ಫಜೀತಿಯಾಗಿ ಕಂಡಿತು. ಮಲಗಿದವಳ ಪಕ್ಕ ಎಲ್ಲಿ ಮಂಡಿ ಊರಬೇಕು, ಯಾವ ಕೈ ಎಲ್ಲಿಡಬೇಕು ಅಂತ ಅವಳ ಮೈಗೆ ಗೊತ್ತಿತ್ತು, ಕೂತವಳ ಮುಂದೆ ಏನೂ ಗೊತ್ತಿರಲಿಲ್ಲ. ಗೀತಾಂಜಲಿ ಬಂದು ಅವಳ ಕೊರಳಿಗೆ ಬಿದ್ದು ಜೋರಾಗಿ ಅತ್ತಳು. ಪಕ್ಕೀರಮ್ಮ ಅವಳ ಬೆನ್ನು ಸವರುತ್ತ, ಅವಳ ಜಡೆಯ ಮೇಲಿಂದ ಆಚೆ ನೋಡಿದಳು. ಆಚೆ ಭಜನೆಯವರು ಕೂತಿದ್ದರು, ಅವರ ನಡುವೆ ಪೇಟಿಯ ಮುಂದೆ ಓಬಳೇಶ.

ಓಬಳೇಶ ಕೂಡ್ಲಿಗಿಯವನು, ಆ ನಾಟಕ ಆಡಿದಲ್ಲೆಲ್ಲ ಪೇಟಿ ಮಾಸ್ತರನಾಗಿ ಹಾರ್ಮೋನಿಯಂ ನುಡಿಸಿದವನು. ಪಾತ್ರದವರು ಮಾತು ಮರೆತರೆ ಅವನೇ ಪೇಟಿಯ ಹಿಂದಿನಿಂದ ಸಾಲು ಎತ್ತಿ ಕೊಡಬೇಕು. ಈಗ ನಾಟಕ ಕಡಿಮೆಯಾಗಿದೆ, ಸಾವು ಕಡಿಮೆಯಾಗಿಲ್ಲ, ಅದಕ್ಕೇ ಭಜನೆಗೆ ಬರುತ್ತಾನೆ. ಅವನು ಇವಳನ್ನು ನೋಡಿ, ಪಾತ್ರ ಒಳಗೆ ಬಂದಾಗ ಮಾಡುತ್ತಿದ್ದ ಹಾಗೆ ಸಣ್ಣಗೆ ತಲೆ ಅಲ್ಲಾಡಿಸಿದ. ಕೆಟ್ಟ ಮನಸ್ಸಿನಿಂದಲ್ಲ, ರೂಢಿಯಿಂದ. ದುರುಗಣ್ಣ ಬಂದು, 'ಸೀರಿ ಹೊದಿಸವ್ವ, ಹೊತ್ತಾತು' ಅಂದ. ಪಕ್ಕೀರಮ್ಮ ಹಸಿರು ಸೀರೆಯ ಮಡಿಕೆ ಬಿಚ್ಚಿ ಅಕ್ಕನ ಎದೆ ಹೊಟ್ಟೆಯ ಮೇಲೆ ಹೊದಿಸಿದಳು, ಮಲ್ಲಿಗೆ ಮುಡಿಸಿದಳು, ಎದುರಿಗೆ ಕುಸಿದು ಕೂತಳು. ಇನ್ನು ಅಳಲೇಬೇಕು. ಯಾರೋ ಮೊಬೈಲು ಎತ್ತಿ ಹಿಡಿದದ್ದು ಓರೆಗಣ್ಣಿಗೆ ಬಿತ್ತು. ಅಕ್ಕಾ ಅನ್ನಬೇಕು ಅಂತ ಬಾಯಿ ತೆರೆದಳು, ಬಂದದ್ದು, 'ತಂಗೀ.'

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. 'ಅಕ್ಕನ್ನ ತಂಗಿ ಅಂತಾಳಲ್ಲಬೇ' ಅಂತ ಹಿಂದಿನಿಂದ ಒಬ್ಬಳು ಅಂದಳು. ತಿದ್ದಿಕೊಳ್ಳಲು ಪಕ್ಕೀರಮ್ಮನಿಗೆ ಪುರುಸೊತ್ತು ಸಿಗಲಿಲ್ಲ, ಯಾಕೆಂದರೆ ಆ ಒಂದು ಮಾತು ಕಿವಿಗೆ ಬಿದ್ದದ್ದೇ ತಡ ಓಬಳೇಶನ ಎಡಗೈ ತಿದಿ ಒತ್ತಿತ್ತು, ಬಲಗೈ ಅವಳ ಶ್ರುತಿ ಹಿಡಿದಿತ್ತು. ಪೇಟಿಯ ದನಿ ಬಂದ ಮೇಲೆ ಅವಳ ಗಂಟಲು ಅವಳ ಮಾತು ಕೇಳಲಿಲ್ಲ. 'ಮಾತಾಡೇ ತಂಗೀ, ನಿನ್ನ ಅಕ್ಕ ಬಂದಿದ್ದಾಳೆ ಕಣ್ಣು ಬಿಡೇ.' ದನಿ ತಾನೇ ಏರಿತು, ತಾನೇ ಮುರಿಯಿತು, ಮುರಿಯಬೇಕಾದ ಕಡೆಗೇ ಮುರಿಯಿತು. ಕಣ್ಣಿನಿಂದ ನೀರು ಇಳಿಯಿತು. ಅಂಗಳದಲ್ಲಿ ಯಾರೋ ಬಿಕ್ಕಿದರು, ಆಮೇಲೆ ಇನ್ನೊಬ್ಬರು. ತಂಗಿ ಅಂದದ್ದನ್ನು ಎಲ್ಲರೂ ಮರೆತರು. ಪಕ್ಕೀರಮ್ಮ ಒಳಗೆ ಎಲ್ಲೋ ದೂರ ನಿಂತು, ಈಗ ಉಸಿರು, ಈಗ ಸೆರಗು, ಈಗ ನೆಲಕ್ಕೆ ಕೈ, ಅಂತ ನೋಡುತ್ತಿದ್ದಳು. ಚೆನ್ನಾಗಿ ಬರುತ್ತಿತ್ತು. ಎರಡನೇ ಸಲ ಬಂದ ಹಾಗೆ ಬರುತ್ತಿತ್ತು. ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು, ಆದರೂ ನಿಲ್ಲಿಸಲು ಆಗಲಿಲ್ಲ, ಹಾಗೇ ಆ ಸಾಲಿನವರೆಗೂ ಹೋಗಿಬಿಟ್ಟಳು.

ಆ ಸಾಲಿಗೆ ಬೆನ್ನು ತಿರುಗಿಸಬೇಕು. ಸೊಂಟ ಅರ್ಧ ತಿರುಗಿಯೂ ಇತ್ತು. ಹಿಂದೆ ಹೆಂಗಸರು, ಎಡಕ್ಕೆ ಗೀತಾಂಜಲಿ, ಬಲಕ್ಕೆ ಭಜನೆಯವರು, ಎಲ್ಲ ಕಡೆಯೂ ಮುಖಗಳೇ ಇದ್ದವು. ಮುಖ ಇಲ್ಲದ ಕಡೆ ಒಂದೂ ಇರಲಿಲ್ಲ. ಪಕ್ಕೀರಮ್ಮ ಮತ್ತೆ ಅಕ್ಕನ ಕಡೆಗೇ ತಿರುಗಿದಳು. ಆಗ ಹಂಪಕ್ಕನ ಹೊಟ್ಟೆಯ ಮೇಲಿನ ಹಸಿರು ಸೆರಗು ನಡುಗಿತು. ಪಕ್ಕೀರಮ್ಮನ ಬಾಯಿ ಅಲ್ಲಿಗೇ ನಿಂತಿತು. ಇನ್ನು ಹೊಳ್ಳೆ ಅರಳಬೇಕು ಅಂತ ಅವಳು ಕಾದಳು. ಮೂಗಿನಲ್ಲಿ ಅರಳೆ ಇತ್ತು. ತುಟಿಯ ಬಲ ಮೂಲೆ ಏಳಬೇಕು ಅಂತ ಕಾದಳು. ಗದ್ದಕ್ಕೆ ಬಟ್ಟೆ ಬಿಗಿದಿದ್ದರು. ಓಣಿಯ ಕಡೆಯಿಂದ ಗಾಳಿ ಬೀಸುತ್ತಿತ್ತು, ಅಷ್ಟೆ. ಗಾಳಿ ನಿಂತಾಗ ಸೆರಗೂ ನಿಂತಿತು. ಓಬಳೇಶ ಅವಳು ಮಾತು ಮರೆತಳು ಅಂದುಕೊಂಡ. ಅದೇ ನುಡಿಯನ್ನು ಪೇಟಿಯಲ್ಲಿ ಇನ್ನೊಮ್ಮೆ ತಿರುಗಿಸಿ, ಮೆಲ್ಲಗೆ, 'ನಿನ್ನ ಬದಲು' ಅಂತ ಎತ್ತಿ ಕೊಟ್ಟ. ಅವಳು ಹಿಡಿಯಲಿಲ್ಲ. ಸ್ವಲ್ಪ ಗಟ್ಟಿಯಾಗಿ, ಹತ್ತಿರದವರಿಗೆಲ್ಲ ಕೇಳುವಂತೆ, 'ನಿನ್ನ ಬದಲು ನನ್ನನ್ನಾದರೂ' ಅಂದ.

'ಇಲ್ಲಕ್ಕಾ' ಅಂದಳು ಪಕ್ಕೀರಮ್ಮ. ಆ ದನಿ ಅವಳದೇ ಅಂತ ಅಲ್ಲಿ ಯಾರಿಗೂ ಗುರುತು ಸಿಗಲಿಲ್ಲ. ಒಡೆದ ದನಿ, ಗಂಟಲಿನಿಂದಲೂ ಅಲ್ಲ ಮೂಗಿನಿಂದಲೂ ಅಲ್ಲ. 'ನಿನ್ನ ಬದ್ಲಿ ನಾ ಹೋಗಂಗಿಲ್ಲ. ನನಗ ಆಗಂಗಿಲ್ಲ. ನನಗ ಅಂಜಿಕಿ ಬರ್ತೈತಿ.' ಓಬಳೇಶನ ಬೆರಳು ಆ ದನಿಯನ್ನು ಪೇಟಿಯ ಮೇಲೆ ಹುಡುಕಿದವು, ಅತ್ತ ಒತ್ತಿದವು, ಇತ್ತ ಒತ್ತಿದವು, ಸಿಗದೆ ನಿಂತವು. 'ಫೋನ್ ಬಂದಾಗ, ನಾ ಅಲ್ಲ ಅಂತ… ನಾ ಅಲ್ಲ ಅಂತ ಅನ್ನಿಸ್ತಕ್ಕಾ. ಕೊಟ್ಟೂರಾಗ ಮಿರ್ಚಿ ತಿಂದು ಬಂದೀನಿ. ಹಸಿವಾಗಿತ್ತು. ಸತ್ತು ಕೊಡ್ತೀನಿ ಅಂದಿ, ನಾನಾ ಬ್ಯಾಡಂದೆ. ನೋಡಾಕ ಅಂಜಿಕ್ಯಾತು.' ಮೂಗಿನಿಂದ ಸಿಂಬಳ ಇಳಿದು ತುಟಿಗೆ ಬಂತು, ಅವಳು ಒರೆಸಿಕೊಳ್ಳಲಿಲ್ಲ. ಬಿಕ್ಕಳಿಕೆ ಹಿಡಿದು ಮೈ ಒಂದೇ ಸಮನೆ ಕುಲುಕಿತು. ಸದ್ದು ಇರಲಿಲ್ಲ. ಬಾಯಿ ಸೊಟ್ಟಗೆ ತೆರೆದೇ ಇತ್ತು.

ಮೊಬೈಲು ಹಿಡಿದವಳು ಕೈ ಇಳಿಸಿದಳು. ಆಮೇಲೆ ಮುದುಕಿಯೊಬ್ಬಳು, 'ಹೆಣದ ಮುಂದ ಹಂಗೆಲ್ಲ ಅನಬಾರದಬೇ, ಏಳು' ಅಂತ ತೋಳು ಹಿಡಿದು ಎಬ್ಬಿಸಿ ಪಕ್ಕಕ್ಕೆ ಕೂಡಿಸಿದಳು. ಗೀತಾಂಜಲಿ ಚೊಂಬಿನಲ್ಲಿ ನೀರು ತಂದುಕೊಟ್ಟು, ಚಿಗವ್ವನ ಮೂಗನ್ನು ತನ್ನ ಸೆರಗಿನಿಂದ ಒರೆಸಿದಳು. ದುರುಗಣ್ಣ ಮುಖ ತಿರುಗಿಸಿಕೊಂಡು, 'ಎತ್ರಿ ಇನ್ನ' ಅಂದ. ಭಜನೆಯವರು ಬೇರೆ ಹಾಡು ಎತ್ತಿಕೊಂಡರು. ನೀರಿನ ತೊಟ್ಟಿಯ ಹತ್ತಿರ ಕೈ ತೊಳೆಯುತ್ತಿದ್ದ ಇಬ್ಬರು ಹೆಂಗಸರು ದನಿ ತಗ್ಗಿಸುವ ಗೋಜಿಗೂ ಹೋಗಲಿಲ್ಲ.

'ಮೊದ್ಲ ಎಷ್ಟು ಚಂದ ಅತ್ಲು ನೋಡು, ನನಗ ಕರಳು ಕಿತ್ತು ಬಂತು. ಆಮ್ಯಾಕ ಏನಾತೋ, ಕೆಡಿಸಿಬಿಟ್ಲು.'

'ವಯಸ್ಸಾತಲ್ಲಬೇ, ಮಾತು ಮರತ್ಲು. ಊರನ್ನೆಲ್ಲ ಅಳಿಸಿದಾಕಿಗೆ ಒಡಹುಟ್ಟಿದಾಕಿ ಮುಂದ ಅಳಾಕ ಬರಲಿಲ್ಲ.'

ಪಕ್ಕೀರಮ್ಮ ಅದನ್ನು ಕೇಳಿಸಿಕೊಂಡಳು, ನೀರು ಕುಡಿದಳು, ಚೊಂಬು ಕೆಳಗಿಟ್ಟಳು. ಎದುರಿಗೆ ನಾಲ್ಕು ಜನ ಸೇರಿ ಹಂಪಕ್ಕನನ್ನು ಕೂತ ಹಾಗೇ ಎತ್ತುತ್ತಿದ್ದರು. ಎತ್ತುವಾಗ ಮೈ ಸ್ವಲ್ಪ ವಾಲಿ ಮುಖ ಇತ್ತ ತಿರುಗಿತು. ಪಕ್ಕೀರಮ್ಮ ಮೊದಲು ಹೊಟ್ಟೆಯ ಮೇಲಿನ ಸೆರಗನ್ನು ನೋಡಿದಳು, ಆಮೇಲೆ ಮೂಗನ್ನು, ಆಮೇಲೆ ತುಟಿಯ ಬಲ ಮೂಲೆಯನ್ನು. ಓಣಿಯ ತಿರುವಿನಲ್ಲಿ ಮರೆಯಾಗುವವರೆಗೂ ಅಲ್ಲೇ ನೋಡಿದಳು.

ಅಕ್ಕ ನಗಲಿಲ್ಲ.